ಕಾಗದದ ಡ್ರ್ಯಾಗನ್‌ಗೆ ಅಂಕಿತ ಬೇಡವೇ?

ಒಂದು ಚೌಕ ಹಾಳೆ. ಕತ್ತರಿ ಇಲ್ಲ, ಅಂಟು ಇಲ್ಲ. ಮಡಿಸುತ್ತಾ ಹೋದರೆ ಎರಡು ಕೊಂಬು, ಬಾಯ್ದೆರೆದ ತಲೆ, ನಾಲ್ಕು ಕಾಲು, ಕಾಲಿಗೆ ಉಗುರು, ಹರಡಿದ ರೆಕ್ಕೆ, ಸುರುಳಿ ಬಾಲ. ಇಂಥ ಡ್ರ್ಯಾಗನ್ ಒಂದರ ಫೋಟೋ ವಾರಕ್ಕೊಮ್ಮೆಯಾದರೂ ನನ್ನ ಫೋನಿಗೆ ಬಂದು ಬೀಳುತ್ತದೆ. ಕೆಳಗೆ ಒಂದು ಸಾಲು ಇರುತ್ತದೆ: ‘ಜಪಾನಿನ ಪ್ರಾಚೀನ ಕಲೆ ಒರಿಗಾಮಿ’. ಮಡಿಸಿದವರ ಹೆಸರು ಇರಬಹುದು, ಫೋಟೋ ತೆಗೆದವರದ್ದೂ ಇರಬಹುದು. ಆ ಡ್ರ್ಯಾಗನ್ನನ್ನು ಕಲ್ಪಿಸಿದವರ ಹೆಸರು ಮಾತ್ರ ಇರುವುದಿಲ್ಲ. ನನ್ನ ಜಗಳ ಈ ಒಂದು ಸಾಲಿನ ಜೊತೆಗೆ.

ಪ್ರಾಚೀನ ಎನ್ನುವ ಮಾತನ್ನೇ ಮೊದಲು ನೋಡೋಣ. ಇವತ್ತು ಒರಿಗಾಮಿ ಡ್ರ್ಯಾಗನ್ ಎಂದ ಕೂಡಲೇ ಬಲ್ಲವರ ಬಾಯಿಗೆ ಬರುವ ಹೆಸರು ಸತೋಶಿ ಕಾಮಿಯಾ. ಈತ ಹುಟ್ಟಿದ್ದು 1981ರಲ್ಲಿ. ಅಂದರೆ ಇದನ್ನು ಓದುತ್ತಿರುವ ಎಷ್ಟೋ ವಿದ್ಯಾರ್ಥಿಗಳ ಅಪ್ಪ ಅಮ್ಮಂದಿರಿಗಿಂತ ಚಿಕ್ಕವರು. ಇವರ ಪ್ರಸಿದ್ಧ ರೆಕ್ಕೆಯ ಡ್ರ್ಯಾಗನ್ ಪ್ರಕಟವಾದದ್ದು 1995ರಿಂದ 2003ರವರೆಗಿನ ಕೃತಿಗಳನ್ನು ಸೇರಿಸಿ 2005ರಲ್ಲಿ ಬಂದ ಪುಸ್ತಕದಲ್ಲಿ. ತಮಾಷೆ ಎಂದರೆ ಆ ಕೃತಿಯ ಹೆಸರೇ ‘ಪ್ರಾಚೀನ ಡ್ರ್ಯಾಗನ್’. ಹೆಸರಿನಲ್ಲಿರುವ ಪ್ರಾಚೀನತೆಯನ್ನು ನಮ್ಮವರು ಕೃತಿಗೂ ಹಚ್ಚಿಬಿಟ್ಟಿದ್ದಾರೆ! ಅದರ ಚಿತ್ರಸೂಚಿಯಲ್ಲಿ ಇನ್ನೂರಕ್ಕೂ ಹೆಚ್ಚು ಹಂತಗಳಿವೆ. ಇದೇ ಕಾಮಿಯಾ ಅವರ ಇನ್ನೊಂದು ಕೃತಿ ‘ರ್ಯೂಜಿನ್ 3.5’. ಪೂರ್ವದೇಶಗಳ ಕತೆಗಳಲ್ಲಿ ಬರುವ ರೆಕ್ಕೆಯಿಲ್ಲದ, ಹಾವಿನಂತೆ ಉದ್ದನೆಯ ಮೈಯ ಡ್ರ್ಯಾಗನ್ ಅದು. ಮೀಸೆ, ಕೊಂಬು, ಉಗುರುಗಳ ಜೊತೆಗೆ ಮೈತುಂಬ ಹುರುಪೆ. ಅಂಟಿಸಿದ ಹುರುಪೆಯಲ್ಲ, ಅದೇ ಹಾಳೆಯನ್ನು ಮಡಿಸಿ ಎಬ್ಬಿಸಿದ್ದು. ಅದಕ್ಕೆ ಎರಡು ಮೀಟರ್ ಅಗಲದ ಹಾಳೆ ಹಿಡಿಯುವುದುಂಟು, ಪರಿಣತರಿಗೂ ಅದು ವಾರಗಟ್ಟಲೆಯ ಕೆಲಸ. ಆ 3.5 ಎಂಬ ಸಂಖ್ಯೆಯನ್ನು ಗಮನಿಸಿ. ಕವಿ ಕರಡನ್ನು ತಿದ್ದಿದಂತೆ ಆ ಮನುಷ್ಯ ಮತ್ತೆ ಮತ್ತೆ ತಿದ್ದಿದ್ದರ ಗುರುತು ಅದು. ಅನಾಮಿಕ ಪರಂಪರೆಗೆ ಆವೃತ್ತಿ ಸಂಖ್ಯೆ ಇರುವುದಿಲ್ಲ.

‘ಕೊಕ್ಕರೆಗೆ ಯಾರ ಹೆಸರನ್ನೂ ಹಾಕುವುದಿಲ್ಲವಲ್ಲ, ಡ್ರ್ಯಾಗನ್‌ಗೆ ಯಾಕೆ?’ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹಾಳೆಯಲ್ಲೇ ಇದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡಬೇಕು.

ಚೌಕಕ್ಕೆ ಮೂಲೆಗಳು ನಾಲ್ಕು. ಕಾಗದದ ಕೊಕ್ಕರೆಗೆ ಬೇಕಾದದ್ದೂ ನಾಲ್ಕೇ ಚಾಚು: ತಲೆ, ಬಾಲ, ಎರಡು ರೆಕ್ಕೆ. ನಾಲ್ಕು ಮೂಲೆ ನಾಲ್ಕು ಚಾಚಾಗುತ್ತವೆ, ಹಾಳೆಯ ನಟ್ಟನಡುವಿನ ಬಿಂದು ಬೆನ್ನಿನ ಗೂನಾಗುತ್ತದೆ. ಲೆಕ್ಕ ತಾನೇ ತಾನಾಗಿ ಸರಿಹೋಗುತ್ತದೆ. ಯಾರೋ ಒಬ್ಬರು ಮೊದಲು ಕಂಡಿರಲೇಬೇಕು, ಆದರೆ ಇನ್ನೊಬ್ಬರೂ ಎಡವಿ ಕಾಣಬಹುದಾದಷ್ಟು ಅದು ಚೌಕಕ್ಕೆ ಹತ್ತಿರದಲ್ಲಿದೆ.

ಡ್ರ್ಯಾಗನ್ ಹಾಗಲ್ಲ. ತಲೆ, ಬಾಲ, ಎರಡು ರೆಕ್ಕೆಗೇ ಮೂಲೆಗಳು ಮುಗಿದವು. ನಾಲ್ಕು ಕಾಲು ಎಲ್ಲಿಂದ ತರುತ್ತೀರಿ? ಕೊಂಬು? ಕೆಳದವಡೆ? ಒಂದೊಂದು ಕಾಲಿಗೂ ಉಗುರು? ಒಂದು ಚಾಚು ಬೇಕೆಂದರೆ ಅದರ ಉದ್ದವನ್ನೇ ತ್ರಿಜ್ಯವಾಗಿಟ್ಟುಕೊಂಡ ಒಂದು ವೃತ್ತದಷ್ಟು ಕಾಗದವನ್ನು ಅದಕ್ಕೆಂದೇ ಮೀಸಲಿಡಬೇಕು. ಚಾಚನ್ನು ಮೂಲೆಯಿಂದ ತೆಗೆದರೆ ಕಾಲು ವೃತ್ತ ಸಾಕು. ಅಂಚಿನಿಂದ ತೆಗೆದರೆ ಅರ್ಧ ವೃತ್ತ. ಹಾಳೆಯ ನಡುವಿನಿಂದ ತೆಗೆದರೆ ಇಡೀ ವೃತ್ತ ಹೋಗುತ್ತದೆ, ಅಂದರೆ ಅದೇ ಉದ್ದದ ಚಾಚಿಗೆ ಮೂಲೆಯ ನಾಲ್ಕರಷ್ಟು ಖರ್ಚು. ಮೇಲಾಗಿ ಅಲ್ಲಿ ಪದರಗಳು ಒಂದರ ಮೇಲೊಂದು ಕೂತು ದಪ್ಪವಾಗುತ್ತವೆ, ಉಗುರು ಚೂಪಾಗುವ ಬದಲು ಮೊಂಡಾಗುತ್ತದೆ. ಹಾಗಾಗಿ ಡ್ರ್ಯಾಗನ್ ರಚಿಸುವುದೆಂದರೆ ಒಂದು ಬಡಸಂಸಾರದ ಬಜೆಟ್ ಹಾಕಿದಂತೆ. ಬಾಲಕ್ಕೆ ಮೂಲೆ ಕೊಟ್ಟರೆ ರೆಕ್ಕೆ ಅಂಚಿಗೆ ಹೋಗಬೇಕು. ಕೊಂಬು ಉದ್ದವಾಗಬೇಕೆಂದರೆ ಹಿಂಗಾಲು ಕುಗ್ಗಬೇಕು. ಈ ವೃತ್ತಗಳನ್ನು ಚೌಕದೊಳಗೆ ಹೊಂದಿಸುವ ವಿದ್ಯೆಯನ್ನು ಜಪಾನಿನಲ್ಲಿ ತೊಶಿಯುಕಿ ಮೆಗುರೊ, ಅಮೆರಿಕದಲ್ಲಿ ಭೌತಶಾಸ್ತ್ರಜ್ಞ ರಾಬರ್ಟ್ ಲ್ಯಾಂಗ್ ಮುಂತಾದವರು ಬೆಳೆಸಿದರು. ಲ್ಯಾಂಗ್ ಇದಕ್ಕೆಂದೇ ‘ಟ್ರೀಮೇಕರ್’ ಎಂಬ ಕಂಪ್ಯೂಟರ್ ಪ್ರೋಗ್ರಾಮನ್ನೂ ಬರೆದರು. ಆದರೆ ಗಣಿತ ಹೇಳುವುದು ಏನು ಸಾಧ್ಯ ಎಂಬುದನ್ನು ಮಾತ್ರ. ಡ್ರ್ಯಾಗನ್ ಯಾವುದನ್ನು ಬಿಟ್ಟುಕೊಟ್ಟು ಯಾವುದನ್ನು ಉಳಿಸಿಕೊಳ್ಳಬೇಕು ಎಂದು ತೀರ್ಮಾನಿಸಿದ್ದು ಒಬ್ಬ ಮನುಷ್ಯ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಿಲ್ಲ, ಇಂಥ ತೀರ್ಮಾನಗಳ ಮೊತ್ತವನ್ನೇ ನಾವು ಕೃತಿ ಎನ್ನುವುದು.

ಇನ್ನು ಪರಂಪರೆಯ ಮಾತು. ‘ಒಂದೇ ಚೌಕ, ಕತ್ತರಿ ಸೋಕಬಾರದು’ ಎಂಬ ನಿಯಮ ಅನಾದಿಯದು ಎಂದು ಹೆಚ್ಚಿನವರು ನಂಬಿದ್ದಾರೆ. 1797ರಲ್ಲಿ ಜಪಾನಿನಲ್ಲಿ ಅಚ್ಚಾದ, ಕೊಕ್ಕರೆಗಳನ್ನು ಮಡಿಸುವ ಪ್ರಸಿದ್ಧ ಪುಸ್ತಕವೊಂದಿದೆ, ‘ಸೆಂಬಜುರು ಒರಿಕತ’. ಒಂದೇ ಹಾಳೆಯಲ್ಲಿ ರೆಕ್ಕೆಗೆ ರೆಕ್ಕೆ, ಕೊಕ್ಕಿಗೆ ಕೊಕ್ಕು ತಾಗಿಕೊಂಡ ಕೊಕ್ಕರೆಗಳ 49 ವಿನ್ಯಾಸಗಳು ಅದರಲ್ಲಿವೆ. ಹಾಳೆಯನ್ನು ಅಲ್ಲಲ್ಲಿ ಸೀಳದೆ ಅವು ಆಗುವುದೇ ಇಲ್ಲ. ಕತ್ತರಿಯನ್ನು ಮೈಲಿಗೆ ಮಾಡಿದ ಈ ಮಡಿ ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ್ದು. ಇನ್ನೂ ಸ್ವಾರಸ್ಯದ ಸಂಗತಿ ಬೇರೆ ಇದೆ. ಆ ತಾಗುಕೊಕ್ಕರೆಗಳನ್ನು ರಚಿಸಿದವರು ಕುವಾನಾ ಎಂಬ ಊರಿನ ಗಿದೋ ಎಂಬ ಬೌದ್ಧ ಅರ್ಚಕರು. ಇನ್ನೂರು ವರ್ಷಗಳಾಚೆಯ ಕೊಕ್ಕರೆಗಳಿಗೇ ಹೆಸರು ಉಳಿದಿದೆ. ಇಪ್ಪತ್ತು ವರ್ಷದ ಹಿಂದಿನ ಡ್ರ್ಯಾಗನ್ನಿಗೆ ನಾವು ಅನಾಮಿಕತೆಯನ್ನು ದಾನ ಮಾಡುತ್ತಿದ್ದೇವೆ!

ಡ್ರ್ಯಾಗನ್ ಮತ್ತು ಹೆಸರು ಎಂದಾಗ ಅಕಿರಾ ಯೊಶಿಜಾವಾ ಅವರನ್ನು ನೆನೆಯದೆ ಮುಂದೆ ಹೋಗಲಾಗದು. 1911ರಲ್ಲಿ ಹುಟ್ಟಿದ ಇವರು ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾಗ ಹೊಸ ಕೆಲಸಗಾರರಿಗೆ ರೇಖಾಗಣಿತ ತಿಳಿಸಲು ಕಾಗದ ಮಡಿಸುತ್ತಿದ್ದರು. ಆಮೇಲೆ ಆ ಕೆಲಸ ಬಿಟ್ಟು ಮಡಿಕೆಯನ್ನೇ ನೆಚ್ಚಿಕೊಂಡರು. ಹೊಟ್ಟೆಪಾಡಿಗೆ ಸೋಯಾ ರಸದಲ್ಲಿ ಬೇಯಿಸಿದ ಮೀನು, ಕಡಲಪಾಚಿಯ ವ್ಯಂಜನವನ್ನು ಮನೆಮನೆಗೆ ಹೊತ್ತು ಮಾರಿದರು. 1952ರ ಜನವರಿಯಲ್ಲಿ ‘ಅಸಾಹಿ ಗ್ರಾಫ್’ ಪತ್ರಿಕೆ ಅವರು ಮಡಿಸಿದ ರಾಶಿಚಕ್ರದ ಹನ್ನೆರಡು ಪ್ರಾಣಿಗಳನ್ನು ಪ್ರಕಟಿಸಿತು. ಹನ್ನೆರಡರಲ್ಲಿ ಡ್ರ್ಯಾಗನ್ನೂ ಒಂದು. ನಲವತ್ತು ದಾಟಿದ ಆ ಮನುಷ್ಯನ ಹೆಸರು ನಾಡಿಗೆಲ್ಲ ತಿಳಿದದ್ದು ಆಗ. ಪತ್ರಿಕೆ ಅಂದು ಹೆಸರು ಹಾಕದೆ ‘ನಮ್ಮ ಪ್ರಾಚೀನ ಕಲೆ’ ಎಂದಷ್ಟೇ ಅಚ್ಚು ಹಾಕಿದ್ದರೆ? ಮಾರುವ ಬುಟ್ಟಿ ತಲೆಯ ಮೇಲಿನಿಂದ ಇಳಿಯುತ್ತಿತ್ತೇ?

ಯೊಶಿಜಾವಾ ಮಾಡಿದ ಇನ್ನೊಂದು ಕೆಲಸ ನನ್ನ ವಾದಕ್ಕೆ ಮುಖ್ಯ. 1954ರ ತಮ್ಮ ಪುಸ್ತಕದಲ್ಲಿ ಅವರು ಮಡಿಕೆಗೊಂದು ಲಿಪಿ ಕೊಟ್ಟರು: ಕಣಿವೆಯಂತೆ ಒಳಕ್ಕೆ ಬೀಳುವ ಮಡಿಕೆಗೆ ಒಂದು ಬಗೆಯ ಗೆರೆ, ಬೆಟ್ಟದಂತೆ ಏಳುವ ಮಡಿಕೆಗೆ ಇನ್ನೊಂದು, ಎತ್ತ ಮಡಿಸಬೇಕೆಂದು ತೋರಿಸಲು ಬಾಣ. ಸ್ಯಾಮ್ಯುಯೆಲ್ ರಾಂಡ್ಲೆಟ್ ಮತ್ತು ರಾಬರ್ಟ್ ಹಾರ್ಬಿನ್ ಅರವತ್ತರ ದಶಕದ ಮೊದಲಲ್ಲಿ ಅದನ್ನು ಇಂಗ್ಲಿಷ್ ಪುಸ್ತಕಗಳಿಗೆ ತಂದರು. ಇವತ್ತು ಜಪಾನಿ ಬಾರದ ಹುಬ್ಬಳ್ಳಿಯ ಹುಡುಗಿಯೂ ಆ ಗೆರೆ ಬಾಣಗಳನ್ನು ಓದಿ ಮಡಿಸಬಲ್ಲಳು. ಆ ಲಿಪಿ ಎಲ್ಲರದ್ದು, ಅದನ್ನು ಬಳಸಲು ಯಾರ ಅನುಮತಿಯೂ ಬೇಡ. ಆದರೆ ಲಿಪಿ ಎಲ್ಲರದ್ದಾದ ಮಾತ್ರಕ್ಕೆ ಅದರಲ್ಲಿ ಬರೆದದ್ದೆಲ್ಲ ಯಾರದ್ದೂ ಅಲ್ಲ ಎಂದಾಗುವುದಿಲ್ಲ. ಕನ್ನಡ ಅಕ್ಷರಮಾಲೆಯೂ ಎಲ್ಲರದ್ದೇ.

(ಪಕ್ಕದ ಮಾತೊಂದು. ಕಾಗದ ಮಡಿಸಿ ರೇಖಾಗಣಿತ ಕಲಿಸುವ ಪುಸ್ತಕವನ್ನು 1893ರಲ್ಲೇ ಮದರಾಸಿನಲ್ಲಿ ಟಿ. ಸುಂದರರಾವ್ ಬರೆದು ಪ್ರಕಟಿಸಿದ್ದರು. ಅವರಿಗೆ ಅದು ಹೊಳೆದದ್ದು ಕಿಂಡರ್‌ಗಾರ್ಟನ್ ಮಕ್ಕಳ ಮಡಿಕೆ ಕಾಗದ ನೋಡಿ, ಮುನ್ನುಡಿಯಲ್ಲಿ ಅದನ್ನೂ ಹೇಳಿಕೊಂಡಿದ್ದಾರೆ. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ತಮ್ಮ ಪುಸ್ತಕದಲ್ಲಿ ಸುಂದರರಾಯರನ್ನು ಹೆಸರಿಸಿದರು. ನಾನು ನೋಡಿದ ನಮ್ಮ ಕ್ರಾಫ್ಟ್ ಪುಸ್ತಕಗಳಲ್ಲಿ ಒಂದರಲ್ಲೂ ಆ ಹೆಸರಿಲ್ಲ. ಹೆಸರು ಅಳಿಸುವುದರಲ್ಲಿ ನಾವು ಪರರು ಸ್ವಂತದವರು ಎಂದು ಭೇದ ಮಾಡುವವರಲ್ಲ.)

ಹೋದ ವರ್ಷ ಒಂದು ಕಾಲೇಜಿನ ಪ್ರದರ್ಶನದಲ್ಲಿ ಕೆಂಪು ಕಾಗದದ ಒಂದು ಡ್ರ್ಯಾಗನ್ ಇಟ್ಟಿದ್ದರು. ಚೆನ್ನಾಗಿತ್ತು, ಮಡಿಸಿದ ಹುಡುಗನ ಬೆರಳಲ್ಲಿ ತಾಳ್ಮೆ ಇತ್ತು. ಪಕ್ಕದ ಚೀಟಿಯಲ್ಲಿ ಅವನ ಹೆಸರು, ತರಗತಿ, ಮಾರ್ಗದರ್ಶಕರ ಹೆಸರು, ಕಾಗದ ಕೊಡಿಸಿದ ಪ್ರಾಯೋಜಕರ ಹೆಸರು. ‘ವಿನ್ಯಾಸ ಯಾರದು?’ ಎಂದು ಕೇಳಿದೆ. ‘ಯೂಟ್ಯೂಬ್ ಸರ್’ ಎಂದ. ಹುಡುಗನನ್ನು ಬೈಯಲು ಮನಸ್ಸು ಬರಲಿಲ್ಲ. ಅವನಿಗೆ ಅದನ್ನು ಕಲಿಸಿದವರು ನಾವು. ಕವನ ಕಳಿಸಿ ಕೆಳಗೆ ‘ಕೃಪೆ: ವಾಟ್ಸಾಪ್’ ಎಂದು ಬರೆಯುವವರು, ಲೇಖನ ಎತ್ತಿ ‘ಸಂಗ್ರಹ’ ಎಂದು ಸಹಿ ಮಾಡುವವರು, ಕಾದಂಬರಿಯ ಪಿಡಿಎಫ್ ಹಂಚಿ ಸಾಹಿತ್ಯಸೇವೆ ಎಂದು ಬೀಗುವವರು. ವಾಟ್ಸಾಪ್ ಕವಿತೆ ಬರೆಯುವುದಿಲ್ಲ, ಯೂಟ್ಯೂಬ್ ಡ್ರ್ಯಾಗನ್ ರಚಿಸುವುದಿಲ್ಲ. ಅಂಚೆಯವನಿಗೆ ಪತ್ರದ ಕರ್ತೃತ್ವ ಕೊಡುವ ವಿಚಿತ್ರ ಪದ್ಧತಿ ಇದು.

ಇದು ಬಡ ವಿದ್ಯಾರ್ಥಿಗಳ ಮೇಲೆ ಹೊರಿಸುವ ಶುಲ್ಕದ ಮಾತು ಎಂದು ಯಾರೂ ತಿಳಿಯಬಾರದು. ಮುಕ್ತಜ್ಞಾನದ ಗೆಳೆಯರು ನನ್ನ ಮೇಲೆ ಮುಗಿಬೀಳುವುದು ಇಲ್ಲೇ: ಜ್ಞಾನಕ್ಕೆ ಬೇಲಿ ಹಾಕುತ್ತೀರಾ ಎಂದು. ಹೆಸರು ಬೇಲಿಯಲ್ಲ. ಬ್ರೆಜಿಲಿನ ಜೋ ನಕಶಿಮಾ ತಮ್ಮದೇ ವಿನ್ಯಾಸದ ಡ್ರ್ಯಾಗನ್ನನ್ನು ವಿಡಿಯೋದಲ್ಲಿ ತಾವೇ ಬಿಟ್ಟಿಯಾಗಿ ಕಲಿಸುತ್ತಾರೆ. ಕೊಡುವವರು ಕೊಡಲಿ, ಪಡೆಯುವವರು ಪಡೆಯಲಿ. ಆದರೆ ಪುಸ್ತಕದಲ್ಲಿ ಮಾತ್ರ ಇರುವ, ರಚಿಸಿದವರು ಒಪ್ಪಿಗೆ ಕೊಡದ ಕೃತಿಯನ್ನು ಹಂತ ಹಂತವಾಗಿ ಚಿತ್ರೀಕರಿಸಿ ಹೆಸರಿಲ್ಲದೆ ಹರಿಬಿಟ್ಟು ಜಾಹೀರಾತಿನ ಕಾಸು ಎಣಿಸುವವರನ್ನು ಮುಕ್ತಜ್ಞಾನಿಗಳೆನ್ನಲು ನನ್ನಿಂದಾಗದು. ಅದು ಬೇರೆಯವರ ತೋಟದ ಮಾವನ್ನು ಕಿತ್ತು ಸಂತೆಯಲ್ಲಿ ಮಾರಿ, ಹಣ್ಣು ನಿಸರ್ಗದ್ದು ಎಂದಂತೆ.

ದೊಡ್ಡವರ ಲೋಕದಲ್ಲೂ ಇದು ನಡೆದಿದೆ. ಸಾರಾ ಮಾರಿಸ್ ಎಂಬ ಹೆಸರಾಂತ ಚಿತ್ರಕಲಾವಿದೆ ಮಡಿಕೆಯ ನಕ್ಷೆಗಳಿಗೆ ಬಣ್ಣ ತುಂಬಿ ದೊಡ್ಡ ಕ್ಯಾನ್ವಾಸುಗಳನ್ನು ಮಾಡಿದರು. ಮಡಿಕೆಯ ನಕ್ಷೆ ಎಂದರೆ ಮಾಡಿದ ಆಕೃತಿಯನ್ನು ಪೂರ್ತಿ ಬಿಚ್ಚಿ ಹಾಸಿದಾಗ ಹಾಳೆಯ ಮೇಲೆ ಕಾಣುವ ಗೆರೆಗಳ ಜಾಲ. ರಚನಕಾರರ ಇಡೀ ಬಜೆಟ್ ಅಲ್ಲಿ ಬಯಲಾಗಿರುತ್ತದೆ. ನಮ್ಮ ನಕ್ಷೆಗಳನ್ನು ಕೇಳದೆ, ಹೆಸರಿಸದೆ ಬಳಸಿದ್ದಾರೆ ಎಂದು ಲ್ಯಾಂಗ್ ಮತ್ತು ಇತರ ಐವರು ರಚನಕಾರರು 2011ರಲ್ಲಿ ಅಮೆರಿಕದಲ್ಲಿ ದಾವೆ ಹೂಡಿದರು. 2013ರಲ್ಲಿ ರಾಜಿಯಾಯಿತು. ಆ ಚಿತ್ರಗಳನ್ನು ಪ್ರದರ್ಶಿಸುವಾಗ ನಕ್ಷೆ ರಚಿಸಿದವರ ಹೆಸರನ್ನೂ ಹೇಳಬೇಕು ಎಂಬುದು ಆ ರಾಜಿಯ ಒಂದು ಅಂಶ. ಎರಡು ವರ್ಷ ವಕೀಲರಿಗೆ ಸುರಿದದ್ದರ ಕೊನೆಗೆ ಸಿಕ್ಕಿದ್ದು ಗೋಡೆಯ ಮೇಲಿನ ಚೀಟಿಯಲ್ಲಿ ಒಂದು ಸಾಲು. ಆ ಸಾಲನ್ನು ಮೊದಲೇ ಬರೆಯಬಹುದಿತ್ತು.

ಕಾನೂನು ಮಡಿಕೆಯನ್ನು ಹೇಗೆ ನೋಡುತ್ತದೆ ಎಂಬುದು ವಕೀಲರ ಕೆಲಸ, ನಾನು ಅಲ್ಲಿಗೆ ಹೋಗುವುದಿಲ್ಲ. ಆದರೂ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ 57ನೇ ಕಲಮು ಎಂಬುದೊಂದಿದೆ. ಕೃತಿಯ ಹಕ್ಕನ್ನು ಪೂರ್ತಿ ಮಾರಿಕೊಂಡ ಮೇಲೂ ‘ಇದು ನಾನು ರಚಿಸಿದ್ದು’ ಎಂದು ಹೇಳಿಕೊಳ್ಳುವ ಹಕ್ಕು ಕರ್ತೃವಿನ ಬಳಿಯೇ ಉಳಿಯುತ್ತದೆ ಎನ್ನುತ್ತದೆ ಅದು. ದುಡ್ಡು ಬೇರೆ, ಹೆಸರು ಬೇರೆ ಎಂಬ ತಿಳಿವಳಿಕೆ ಕಾನೂನಿಗೂ ಇದೆ.

ನಮಗಂತೂ ಇದನ್ನು ಕಾನೂನು ಹೇಳಿಕೊಡಬೇಕಾಗಿಲ್ಲ. ವಚನಕಾರರು ಆಸ್ತಿ ಬೇಡವೆಂದರು, ಅಂಕಿತ ಬಿಡಲಿಲ್ಲ. ಅದು ಇಷ್ಟದೈವದ ಹೆಸರಾದರೂ, ಯಾವ ವಚನ ಯಾರದ್ದೆಂದು ಎಂಟುನೂರು ವರ್ಷಗಳ ಆಚೆಗೂ ನಾವು ಹೇಳುವುದು ಅದರಿಂದಲೇ. ಕಚೇರಿಯಲ್ಲಿ ದಾಸರ ಪದ ಹಾಡುವವರು ಮುದ್ರಿಕೆಯ ಸಾಲನ್ನು ನುಂಗಿದರೆ ಮುಂದಿನ ಸಾಲಿನಲ್ಲಿ ಕೂತ ಅಜ್ಜಿಯರು ಬಿಡುತ್ತಾರೆಯೇ? ಹಾಗೆಂದು ಹಾಡಿದವರ ಮರ್ಯಾದೆಯೇನೂ ಕಡಿಮೆಯಾಗುವುದಿಲ್ಲ. ಡ್ರ್ಯಾಗನ್ ಮಡಿಸುವವರೂ ಅಂಥ ಗಾಯಕರೇ. ಹಾಳೆಯ ಆಯ್ಕೆ, ಕೊರಳಿನ ಬಾಗು, ರೆಕ್ಕೆಗೆ ಕೊಡುವ ಬಿಗಿ ಇವೆಲ್ಲ ಅವರ ಮನೋಧರ್ಮ. ಅದಕ್ಕೆ ಅವರ ಹೆಸರು ದೊಡ್ಡದಾಗಿಯೇ ಇರಲಿ, ನನ್ನ ತಕರಾರಿಲ್ಲ.

ಮುಂದಿನ ತಿಂಗಳು ಇನ್ನೊಂದು ಪ್ರದರ್ಶನವಿದೆಯಂತೆ, ಅದೇ ಹುಡುಗ ಈ ಸಲ ರ್ಯೂಜಿನ್‌ಗೆ ಕೈಹಾಕಿದ್ದಾನಂತೆ. ಚೀಟಿಯಲ್ಲಿ ಜಾಗ ಸಾಲದು ಎಂದು ಸಂಘಟಕರೊಬ್ಬರು ಹೇಳಿದರು. ಪ್ರಾಯೋಜಕರ ಹೆಸರನ್ನು ಒಂದು ಸಾಲು ಕೆಳಗಿಳಿಸಿದರೆ ಸಾಲುತ್ತದೆ. ವಿನ್ಯಾಸ: ಸತೋಶಿ ಕಾಮಿಯಾ. ಮಡಿಸಿದವರು: ಹುಡುಗನ ಹೆಸರು. ಅಷ್ಟು ಬರೆಯಲು ಅಂಗೈಯಗಲದ ರಟ್ಟು ಸಾಕು, ಡ್ರ್ಯಾಗನ್‌ಗೆ ಎರಡು ಮೀಟರ್ ಹಾಳೆ ಹುಡುಕಿ ತಂದವರಿಗೆ ಅದು ಸಿಗದೆ ಇರದು.