ಗೋಣಿಚೀಲದ ಪಾಪ

ನಮ್ಮ ಪಾಣೆಮಂಗಳೂರು ಕಡೆ ಗಂಡು ಬೆಕ್ಕಿನ ಕಾಟಕ್ಕೆ ಹಿಂದಿನಿಂದಲೂ ಒಂದೇ ಮದ್ದು: ಗೋಣಿಚೀಲ. ಬೆಕ್ಕನ್ನು ಚೀಲದೊಳಗೆ ತುರುಕಿ, ಬಾಯಿ ಕಟ್ಟಿ, ನೇತ್ರಾವತಿಯ ಸೇತುವೆ ದಾಟಿಸಿ, ಮೀನಿನ ವಾಸನೆ ಇರುವ ಯಾವುದಾದರೂ ಜಾಗದಲ್ಲಿ ಬಿಟ್ಟು ಬರುವುದು. ಹೊಳೆ ದಾಟಿದ ಬೆಕ್ಕು ವಾಪಸ್ ಬರುವುದಿಲ್ಲ ಅಂತ ನಂಬಿಕೆ. ಆಚೆ ದಡದವರಿಗೂ ಇದೇ ನಂಬಿಕೆ ಇರುವುದರಿಂದ ಅವರ ಬೆಕ್ಕುಗಳು ಈಚೆಗೆ ಬರುತ್ತವೆ. ಲೆಕ್ಕ ಸರಿಹೋಯಿತಲ್ಲ, ಮಾರಾಯ್ರೆ!

"ಚೀಲ ಯಾಕೆ, ಡಾಕ್ಟ್ರ ಹತ್ರ ಕೊಂಡೋಗಿ ಬೀಜ ತೆಗೆಸಿ" ಅಂದು ನೋಡಿ. ಎರಡು ಉತ್ತರ ಬರುತ್ತದೆ. ಒಂದು, "ಅದು ಮಾಡಿಸಿದ್ರೂ ಗೋಡೆಗೆ ಹಾರಿಸುವುದು ನಿಲ್ಲುದಿಲ್ವಂತೆ." ಎರಡು, "ಎಂತ ಮಾರಾಯ, ಬಾಯಿ ಬಾರದ ಜೀವ, ಪಾಪ ಅಲ್ವಾ?" ಎರಡೂ ಸುಳ್ಳು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದ್ದು. ಬೆಕ್ಕು ಮೂತ್ರ ಮಾಡುವುದರಲ್ಲಿ ಎರಡು ಬಗೆ ಇದೆ. ಮಣ್ಣು ಕೆದಕಿ, ಕೂತು, ಮಾಡಿ ಮುಚ್ಚುವುದು ಒಂದು. ಗೋಡೆಗೋ ಜಗಲಿಯ ಕಂಬಕ್ಕೋ ಅಕ್ಕಿಮೂಟೆಗೋ ಬೆನ್ನು ಹಾಕಿ ನಿಂತು, ಬಾಲ ನೆಟ್ಟಗೆ ಎತ್ತಿ ನಡುಗಿಸುತ್ತಾ, ಸ್ವಲ್ಪವೇ ಚಿಮ್ಮಿಸುವುದು ಇನ್ನೊಂದು. ಈ ಎರಡನೆಯದ್ದು ಬೇರೆ ಬೆಕ್ಕುಗಳಿಗೆ ಹಚ್ಚಿದ ನೋಟೀಸು. ಇದು ನನ್ನ ಜಾಗ, ನಾನು ಇಲ್ಲಿದ್ದೇನೆ, ಹೆಣ್ಣಿದ್ದರೆ ಬರಲಿ, ಗಂಡಿದ್ದರೆ ಹೋಗಲಿ ಅಂತ. ಬೆಕ್ಕು ಪ್ರಾಯಕ್ಕೆ ಬರುವಾಗ, ಹೆಚ್ಚುಕಮ್ಮಿ ಆರು ತಿಂಗಳ ನಂತರ, ಈ ಅಭ್ಯಾಸ ಶುರುವಾಗುತ್ತದೆ. ನಿಮ್ಮ ಮೇಲಿನ ಸೇಡಿಗೆ ಅದು ಹಾಗೆ ಮಾಡುತ್ತಿಲ್ಲ. ಆ ಮೂಗು ಬಿಡದ ನಾತಕ್ಕೆ ಮೂಲ ಫೆಲಿನೈನ್ ಎಂಬ ಗಂಧಕ ಇರುವ ಅಮೈನೋ ಆಮ್ಲ. ಬೀಜ ಇರುವ ಗಂಡಿನ ಮೂತ್ರದಲ್ಲಿ ಅದು ಬಹಳ ಹೆಚ್ಚು. ಬೀಜ ತೆಗೆದರೆ ಟೆಸ್ಟೋಸ್ಟೆರಾನ್ ಇಳಿಯುತ್ತದೆ, ಅದರ ಹಿಂದೆಯೇ ಫೆಲಿನೈನ್ ಕೂಡ ಇಳಿಯುತ್ತದೆ.

ಚಟ ನಿಲ್ಲುತ್ತದಾ? 1973ರಲ್ಲಿ ಅಮೆರಿಕದ ಪಶುವೈದ್ಯ ಬೆಂಜಮಿನ್ ಹಾರ್ಟ್ ಮತ್ತು ಅವರ ಸಂಗಡಿಗರು ಇದನ್ನು ಲೆಕ್ಕ ಹಾಕಿದ್ದಾರೆ. ಬೆಳೆದ ಮೇಲೆ ಬೀಜ ತೆಗೆಸಿದ ಗಂಡು ಬೆಕ್ಕುಗಳಲ್ಲಿ ಶೇ. 78ರಷ್ಟಕ್ಕೆ ಚಟ ಬೇಗನೆ ಇಳಿಯಿತು, ಇನ್ನು ಶೇ. 9ರಷ್ಟಕ್ಕೆ ನಿಧಾನವಾಗಿ. 1984ರಲ್ಲಿ ಅದೇ ಹಾರ್ಟ್, ಪ್ರಾಯಕ್ಕೆ ಬರುವ ಮೊದಲೇ ಆಪರೇಶನ್ ಆದ ಬೆಕ್ಕುಗಳನ್ನು ನೋಡಿದರು. ಹಾರಿಸುವ ಗಂಡುಗಳು ನೂರಕ್ಕೆ ಹತ್ತು. ಹೆಣ್ಣುಗಳೂ ನೂರಕ್ಕೆ ಐದು ಸಿಕ್ಕಿದವು! ಅಂದರೆ ಸ್ವಿಚ್ ಒತ್ತಿದ ಹಾಗೆ ಎಲ್ಲ ಬೆಕ್ಕಿನಲ್ಲೂ ನಿಲ್ಲುವುದಿಲ್ಲ, ನಿಜ. ಆದರೆ ಹತ್ತರಲ್ಲಿ ಸುಮಾರು ಒಂಬತ್ತರಲ್ಲಿ ಕೆಲಸ ಮಾಡುವ ಮದ್ದನ್ನು, ಉಳಿದ ಒಂದರ ಕಥೆ ಹೇಳಿ ತಳ್ಳಿಹಾಕುವುದು ಯಾವ ನ್ಯಾಯ? ನೂರಕ್ಕೆ ನೂರು ಗ್ಯಾರಂಟಿ ಕೊಡುವ ಮದ್ದು ನಿಮ್ಮ ಅಡಿಕೆಯ ಕೊಳೆರೋಗಕ್ಕೂ ಇಲ್ಲ. ಆದರೂ ಮಳೆಗಾಲ ಬಂದರೆ ಬೋರ್ಡೋ ಬಿಡುತ್ತೀರಲ್ಲ?

ಉಳಿದ ಆ ಒಂದು ಬೆಕ್ಕಿಗೂ ಕಾರಣ ಇರುತ್ತದೆ. ಅಂಗಳಕ್ಕೆ ಬೇರೆ ಗಡವ ಬಂದು ಹೋಗುತ್ತಿರಬಹುದು. ಮನೆಗೆ ಹೊಸ ಬೆಕ್ಕು ಬಂದಿರಬಹುದು. ಮನೆಯೇ ಬದಲಾಗಿರಬಹುದು. ಮೂತ್ರಕೋಶದ ಕಾಯಿಲೆಯೂ ಆಗಿರಬಹುದು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ. ಪದೇಪದೇ ಕೂತು ತಿಣುಕಿದರೂ ಹನಿ ಬೀಳದಿದ್ದರೆ ಅದು ಚಟ ಅಲ್ಲ, ನಾಳ ಕಟ್ಟಿಕೊಂಡಿರಬಹುದು. ಕೂಡಲೇ ಡಾಕ್ಟ್ರಿಗೆ ತೋರಿಸದಿದ್ದರೆ ಎರಡು ಮೂರು ದಿನದಲ್ಲಿ ಬೆಕ್ಕು ಸಾಯುತ್ತದೆ. ಆಪರೇಶನ್ ಆದ ಮರುದಿನವೇ ಎಲ್ಲ ನಿಲ್ಲಬೇಕು ಅಂತಲೂ ಹಠ ಹಿಡಿಯಬೇಡಿ. ಕೆಲವಕ್ಕೆ ವಾರಗಳು, ಕೆಲವಕ್ಕೆ ತಿಂಗಳುಗಳೇ ಬೇಕು. ಹಳೆಯ ವಾಸನೆ ಉಳಿದ ಜಾಗಕ್ಕೆ ಬೆಕ್ಕು ಮತ್ತೆ ಬರುತ್ತದೆ, ಹಾಗಾಗಿ ಕಿಣ್ವ ಇರುವ ದ್ರಾವಣದಿಂದ ತೊಳೆಯಿರಿ. ಫಿನಾಯಿಲ್ ಸುರಿಯಬೇಡಿ. ನಮ್ಮ ದೇಹ ಹೊರಹಾಕುವ ಫೀನಾಲಿನಂಥ ವಿಷವನ್ನು ಬೆಕ್ಕಿನ ಪಿತ್ತಜನಕಾಂಗ ಸರಿಯಾಗಿ ಹೊರಹಾಕುವುದಿಲ್ಲ. ಒದ್ದೆ ನೆಲದ ಮೇಲೆ ನಡೆದು ಕಾಲು ನೆಕ್ಕಿಕೊಂಡರೆ ಅದರ ಜೀವಕ್ಕೇ ಅಪಾಯ.

ಇನ್ನು ಎರಡನೆಯದ್ದು, ಪಾಪದ ಮಾತು. ಗದ್ದೆ ಇದ್ದ ಕಾಲದಲ್ಲಿ ಹೋರಿಯ ಬೀಜ ಒಡೆಸಿ ಎತ್ತು ಮಾಡಿ ನೊಗಕ್ಕೆ ಕಟ್ಟಿದವರು ನಮ್ಮ ಅಜ್ಜಂದಿರೇ. ಆಗ ಅರಿವಳಿಕೆಯೂ ಇರಲಿಲ್ಲ, ಪಾಪದ ಪ್ರಶ್ನೆಯೂ ಏಳಲಿಲ್ಲ. ಯಾಕೆಂದರೆ ಎತ್ತಿನಿಂದ ಕೆಲಸ ಆಗಬೇಕಿತ್ತು. ಬೆಕ್ಕಿನ ವಿಷಯ ಬಂದಾಗ ಮಾತ್ರ ನಮಗೆ ಧರ್ಮ ನೆನಪಾಗುತ್ತದೆ. ಗಂಡು ಬೆಕ್ಕಿನ ಆಪರೇಶನ್ ಅಂದರೆ ಹೊಟ್ಟೆ ಸೀಳುವುದಲ್ಲ. ಅರಿವಳಿಕೆ ಕೊಟ್ಟು ಕೆಲವೇ ನಿಮಿಷಗಳಲ್ಲಿ ಮುಗಿಯುವ ಕೆಲಸ.

ಕಾನೂನು ಏನು ಹೇಳುತ್ತದೆ ಅಂತಲೂ ಕೇಳಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಓದಿದರೆ ಸಾಕು. ಹಸಿವು, ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ಬಿಟ್ಟು ಬರುವುದು ಅಪರಾಧ. ನಿಯಮದ ಪ್ರಕಾರ ಬೀಜ ತೆಗೆಸುವುದು ಅಪರಾಧ ಅಲ್ಲ. ಎರಡೂ ಒಂದೇ ಸೆಕ್ಷನ್ನಿನಲ್ಲಿವೆ. ನಾವು ಮಾತ್ರ ಅದನ್ನು ತಲೆಕೆಳಗೆ ಮಾಡಿಕೊಂಡಿದ್ದೇವೆ. ಬೀಜ ತೆಗೆಸಿದವ ಪಾಪಿ, ಚೀಲ ಹೊತ್ತವ ಪುಣ್ಯವಂತ! ಮೊದಲ ಸಲ ಸಿಕ್ಕಿಬಿದ್ದರೆ ದಂಡ 10ರಿಂದ 50 ರೂಪಾಯಿ. ಅದನ್ನು ಕಟ್ಟಿಸಿಕೊಳ್ಳಲು ಯಾರೂ ಸೇತುವೆಯ ಮೇಲೆ ಕಾಯುವುದಿಲ್ಲ ಅನ್ನುವುದು ಚೀಲ ಹೊತ್ತವರಿಗೂ ಗೊತ್ತು.

ಬಿಟ್ಟ ಬೆಕ್ಕಿನ ಗತಿ ಏನು? ಅನ್ನ ಹಾಕಿ ಸಾಕಿದ ಪ್ರಾಣಿ ಅದು. ಅಲ್ಲಿ ಮೊದಲೇ ಇರುವ ಗಡವಗಳು ಅದನ್ನು ಕಚ್ಚಿ ಹರಿಯುತ್ತವೆ, ಗಾಯ ಕೀವಾಗುತ್ತದೆ. ಹೆದ್ದಾರಿಯ ಲಾರಿ ಉಳಿದದ್ದನ್ನು ಮುಗಿಸುತ್ತದೆ. ಅದೆಲ್ಲ ದಾಟಿ ಬದುಕಿದರೆ, ಬೀಜ ಇರುವ ಕಾರಣ ಅಲ್ಲಿಯೂ ಗೋಡೆಗೆ ಹಾರಿಸುತ್ತದೆ, ಅಲ್ಲಿಯೂ ಮರಿ ಹುಟ್ಟಿಸುತ್ತದೆ. ಮತ್ತೊಂದು ಮನೆಯಲ್ಲಿ ಮತ್ತೊಂದು ಗೋಣಿ ಹೊರಗೆ ಬರುತ್ತದೆ.

ಕಾಲುಬಾಯಿ ಲಸಿಕೆ ಹಾಕಲು ಇಲಾಖೆಯವರು ಹಟ್ಟಿಗೇ ಬರುತ್ತಾರೆ. ನಾಯಿಗೆ ರೇಬೀಸ್ ಲಸಿಕೆಯ ಶಿಬಿರ ಆಗುತ್ತದೆ. ಪುರಸಭೆ, ಪಂಚಾಯತಿಗಳು ವರ್ಷಕ್ಕೆ ಒಂದೆರಡು ದಿನ ಬೆಕ್ಕಿನ ಆಪರೇಶನ್ ಶಿಬಿರ ಇಡಲಿ ಅಂತ ಕೇಳುವುದರಲ್ಲಿ ತಪ್ಪೇನಿದೆ? ಗ್ರಾಮಸಭೆಯಲ್ಲಿ ಒಬ್ಬರು ಎದ್ದು ಕೇಳಬೇಕು, ಅಷ್ಟೇ. ನಗುತ್ತಾರೆ, ನಗಲಿ. ಶಿಬಿರ ಬರುವ ತನಕ, ಸಾಕಿದವರು ತಮ್ಮ ಬೆಕ್ಕನ್ನು ಆರು ತಿಂಗಳು ತುಂಬುವ ಮೊದಲೇ ಡಾಕ್ಟ್ರ ಹತ್ರ ಕೊಂಡೋಗಲಿ. ಹೇಗೂ ಹಿಡಿದು ಚೀಲಕ್ಕೆ ಹಾಕುವುದು ಗೊತ್ತಿದೆಯಲ್ಲ. ಆ ಚೀಲದ ಬದಲು ಗಾಳಿಯಾಡುವ ಬುಟ್ಟಿಗೆ ಹಾಕಿ, ಸೇತುವೆಯ ಬದಲು ಆಸ್ಪತ್ರೆಯ ದಾರಿ ಹಿಡಿಯಿರಿ.