ಟಾಪು ಕತ್ತರಿಸುವ ಮುನ್ನ

ಹಬ್ಬಕ್ಕೆಂದು ತಿಪಟೂರಿನ ತವರಿಗೆ ಹೋಗಿದ್ದೆ. ಕೊಬ್ಬರಿ ಅಟ್ಟದ ಪಕ್ಕದ ಶೆಡ್ಡಿನಲ್ಲಿ ಅಬ್ಬಾನ 1978ರ ಅಂಬಾಸಿಡರ್ ಕಾರು ಎಂದಿನಂತೆ ನಿಂತಿತ್ತು. ಆದರೆ ಅದರ ಟಾಪಿನ ಸುತ್ತ ಯಾರೋ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದರು.

"ಫುಪ್ಪು, ನನ್ನ ಮದುವೆಗೆ ಇದನ್ನು ಓಪನ್ ಕಾರ್ ಮಾಡಿಸ್ತೀನಿ. ಮೇಲ್ಭಾಗ ಕತ್ತರಿಸಿ, ಮಡಚುವ ರೆಕ್ಸಿನ್ ಹಾಕಿದರಾಯಿತು" ಎಂದ ತಮ್ಮನ ಮಗ. ಅವನ ಕಣ್ಣಲ್ಲಿ ಸಿನಿಮಾದ ಕಾರು ಓಡುತ್ತಿತ್ತು. ನನ್ನ ಕಣ್ಣಲ್ಲಿ ಬೇರೆಯೇ ಚಿತ್ರ. ನಮ್ಮ ಬೀದಿಯ ಎಷ್ಟೋ ಹೆಣ್ಣುಮಕ್ಕಳು ಹೆರಿಗೆಗೆ ಆಸ್ಪತ್ರೆ ಸೇರಿದ್ದು ಇದೇ ಕಾರಿನಲ್ಲಿ. ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ನೆಂಟರ ಮನೆಗಳಿಗೆ ಒಂಬತ್ತು ಜನ ತುಂಬಿಕೊಂಡು ಹೋಗಿದ್ದೂ ಇದರಲ್ಲೇ.

ಭಾವುಕತೆಯ ಮಾತು ಹುಡುಗರಿಗೆ ರುಚಿಸುವುದಿಲ್ಲ. ಆದ್ದರಿಂದ ಅವನನ್ನು ಕರೆದುಕೊಂಡು ಹಳೆಯ ಮೇಸ್ತ್ರಿಯೊಬ್ಬರ ಬಳಿ ಹೋದೆ. ಅವರು ಹೆಚ್ಚು ಮಾತಾಡಲಿಲ್ಲ. ಮೂಲೆಯಲ್ಲಿದ್ದ ಚಪ್ಪಲಿಯ ರಟ್ಟಿನ ಡಬ್ಬವೊಂದನ್ನು ಮುಚ್ಚಳಸಹಿತ ಹುಡುಗನ ಕೈಗೆ ಕೊಟ್ಟು, "ತಿರುಚಪ್ಪಾ" ಎಂದರು. ಅದು ಬಗ್ಗಲಿಲ್ಲ. ಮುಚ್ಚಳ ತೆಗೆದು ಮತ್ತೆ ಕೊಟ್ಟರು. ಡಬ್ಬ ಒದ್ದೆ ಬಟ್ಟೆಯಂತೆ ತಿರುಚಿಕೊಂಡಿತು.

"ಹಳೇ ಜೀಪಿಗೆ ಕೆಳಗೆ ಪ್ರತ್ಯೇಕ ಚಾಸಿಸ್ ಇರುತ್ತೆ. ಮೇಲಿನ ಹೊದಿಕೆ ತೆಗೆದರೂ ಅದು ನಿಲ್ಲುತ್ತೆ. ಅಂಬಾಸಿಡರ್ ಹಾಗಲ್ಲ. ನೆಲ, ಕಂಬ, ಟಾಪು ಎಲ್ಲಾ ಸೇರಿ ಬೆಸೆದ ಒಂದೇ ಡಬ್ಬ. ಟಾಪು ಹೋದರೆ ನಡು ಕುಸಿಯುತ್ತೆ. ಆಮೇಲೆ ಬಾಗಿಲು ಸರಿಯಾಗಿ ಕೂರಲ್ಲ" ಎಂದು ವಿವರಿಸಿದರು. ಕತ್ತರಿಸುವ ಮೊದಲೇ ಬಾಗಿಲ ಜಾಗಗಳಿಗೆ ಅಡ್ಡ ಕಬ್ಬಿಣ ಬೆಸೆಯಬೇಕು. ಬಾಗಿಲ ಕೆಳಗಿನ ಪಟ್ಟಿಗೆ, ಮುಂದಿನ ಗಾಜಿನ ಚೌಕಟ್ಟಿಗೆ ಹೆಚ್ಚುವರಿ ಉಕ್ಕು ಕೊಡಬೇಕು. ಕಂಪನಿಗಳೇ ತಯಾರಿಸುವ ತೆರೆದ ಕಾರುಗಳು ಟಾಪು ಇಲ್ಲದಿದ್ದರೂ ಎಷ್ಟೋ ಸಲ ಮುಚ್ಚಿದ ಕಾರಿಗಿಂತ ಭಾರವಾಗಿರುವುದು ಇದೇ ಕಾರಣಕ್ಕೆ. ಇಷ್ಟೆಲ್ಲ ಮಾಡಿದರೂ ಗಾಡಿ ಪಲ್ಟಿಯಾದರೆ ತಲೆಯ ಮೇಲೆ ಏನೂ ಇರುವುದಿಲ್ಲ.

"ಅದಿರಲಿ, ನಮ್ಮೂರಲ್ಲಿ ತೆಂಗಿನ ಮರದ ಕೆಳಗೆ ಬಿಟ್ಟ ಟಾಪಿಲ್ಲದ ಕಾರಲ್ಲಿ ನೀನು ಕೂರ್ತೀಯಾ?" ಎಂದು ಮೇಸ್ತ್ರಿ ಕೇಳಿದಾಗ ಹುಡುಗನಿಗೂ ನಗು ಬಂತು.

ಕಾನೂನಿನ ಮಾತು ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ನಿಯಮ ಮೀರಿ ಬದಲಾವಣೆ ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರಬಹುದು.

ಹುಡುಗನ ಮನಸ್ಸನ್ನು ನಿಜವಾಗಿ ತಿರುಗಿಸಿದ್ದು ಇನ್ನೊಂದು ವಿಷಯ. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ಕಾರನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಆದರೆ ಅದರ ಬಾಡಿ, ಚಾಸಿಸ್, ಎಂಜಿನ್ ಮೂಲರೂಪದಲ್ಲೇ ಇರಬೇಕು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಕತ್ತರಿಸಿದ ಟಾಪನ್ನು ಮತ್ತೆ ಯಾವ ಕಾರ್ಖಾನೆಯೂ ಕೊಡುವುದಿಲ್ಲ.

ಟಾಪಿಗೆಂದು ಕೂಡಿಟ್ಟ ಹಣ ಬ್ರೇಕಿಗೆ, ಟೈರಿಗೆ, ಹೊಸ ಸೀಟಿಗೆ ಹೋಯಿತು. ಮದುವೆಯ ದಿನ ಟಾಪಿನ ಮೇಲೆ ಸೇವಂತಿಗೆ ಹಾರ ಹರಡಿದ್ದರು. ಹೂವಿನ ನಡುವೆ ಅಲ್ಲಲ್ಲಿ ಸೀಮೆಸುಣ್ಣದ ಗುರುತು ಇನ್ನೂ ಉಳಿದಿತ್ತು.

ಸಹೋದರಿಯರೇ, ಗಾಡಿಯ ವಿಷಯ ಬಂದಾಗ "ಅದು ಗಂಡಸರ ವ್ಯವಹಾರ, ನಮಗೇನು ತಿಳಿಯುತ್ತೆ" ಎಂದು ನಾವು ಎದ್ದು ಅಡುಗೆಮನೆಗೆ ಹೋಗುತ್ತೇವೆ. ಆದರೆ ಮಡಿಲಲ್ಲಿ ಮಗು ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂರುವವರು ನಾವೇ ಅಲ್ಲವೇ? ಒಂದು ಪ್ರಶ್ನೆ ಕೇಳಲು ಮೆಕ್ಯಾನಿಕ್ ಆಗಬೇಕಿಲ್ಲ. ಕೈಗೆ ಒಂದು ರಟ್ಟಿನ ಡಬ್ಬ ಸಿಕ್ಕರೂ ಸಾಕು.