ಹಗುರಾಗುವ ಆಸೆ, ಮೂತ್ರಪಿಂಡದ ಹೊರೆ

ಸ್ಥೂಲಕಾಯವನ್ನು ಇಳಿಸಿಕೊಳ್ಳಬೇಕೆಂಬ ಬಯಕೆ ನಿಂದ್ಯವಲ್ಲ. ಬೊಜ್ಜು ಮಧುಮೇಹಕ್ಕೂ ಅಧಿಕ ರಕ್ತದೊತ್ತಡಕ್ಕೂ ದಾರಿ ಮಾಡಿಕೊಡುತ್ತದೆ. ಆದರೆ ನಾಲಗೆಗೆ ಕಡಿವಾಣ ಹಾಕದೆಯೇ ದೇಹವನ್ನು ಹಗುರ ಮಾಡಿಕೊಳ್ಳಬಹುದೆಂಬ ಆಶ್ವಾಸನೆ ಮಾತ್ರ ಪರೀಕ್ಷಿಸಿ ನೋಡಬೇಕಾದದ್ದು. ಈ ಆಶ್ವಾಸನೆ ಹೊಸತಲ್ಲ. ಅಮೆರಿಕದ ಹೃದ್ರೋಗ ವೈದ್ಯ ರಾಬರ್ಟ್ ಅಟ್ಕಿನ್ಸ್ 1972ರಲ್ಲಿ ಪ್ರಕಟಿಸಿದ ಗ್ರಂಥ, ಧಾನ್ಯ ಮತ್ತು ಸಕ್ಕರೆಗಳನ್ನು ತ್ಯಜಿಸಿ ಮಾಂಸ, ಮೊಟ್ಟೆ, ಬೆಣ್ಣೆಗಳನ್ನು ತೃಪ್ತಿಯಾಗುವಷ್ಟು ತಿನ್ನಲು ಹೇಳಿತು. ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾದವು. ಅದೇ ಬಗೆಯ ಬೋಧನೆ ಇಂದು ಡಬ್ಬಿಯೊಳಗಿನ ಪ್ರೋಟೀನ್ ಪುಡಿಯಾಗಿ ಕನ್ನಡ ನಾಡಿನ ವ್ಯಾಯಾಮಶಾಲೆಗಳನ್ನೂ ಔಷಧದ ಅಂಗಡಿಗಳನ್ನೂ ಹೊಕ್ಕಿದೆ.

ಪ್ರೋಟೀನ್ ಶತ್ರುವಲ್ಲ, ಅದಿಲ್ಲದೆ ದೇಹ ನಿಲ್ಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ವಯಸ್ಕರಿಗೆ ವಿಧಿಸಿದ ಪ್ರಮಾಣ, ದೇಹದ ಪ್ರತಿ ಕಿಲೋ ತೂಕಕ್ಕೆ ದಿನವೊಂದಕ್ಕೆ 0.83 ಗ್ರಾಂ. ಅಂದರೆ 60 ಕಿಲೋ ತೂಕದವನಿಗೆ ಸುಮಾರು 50 ಗ್ರಾಂ ಸಾಕು. ಹೆಚ್ಚಾಗಿ ತಿಂದ ಪ್ರೋಟೀನನ್ನು ದೇಹವು ಪ್ರೋಟೀನಾಗಿಯೇ ಕೂಡಿಡಲಾರದು. ಅದರಲ್ಲಿನ ಸಾರಜನಕ ಯಕೃತ್ತಿನಲ್ಲಿ ಯೂರಿಯಾ ಆಗುತ್ತದೆ. ಆ ಯೂರಿಯಾವನ್ನು ಹೊರಹಾಕುವ ಕೆಲಸ ಮೂತ್ರಪಿಂಡಗಳದು. ಪ್ರತಿಯೊಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ಸೂಕ್ಷ್ಮ ಶೋಧಕಗಳಿವೆ. ಪ್ರೋಟೀನ್ ಹೆಚ್ಚಾದಂತೆ ಇವು ಹೆಚ್ಚು ರಕ್ತವನ್ನು ಹೆಚ್ಚು ಒತ್ತಡದಲ್ಲಿ ಸೋಸಬೇಕಾಗುತ್ತದೆ. ಈ ಅತಿದುಡಿಮೆಯೇ ಕ್ರಮೇಣ ಶೋಧಕಗಳನ್ನು ಹಾಳುಗೆಡಹಬಲ್ಲುದೆಂದು ಬ್ಯಾರಿ ಬ್ರೆನ್ನರ್ ಮತ್ತು ಅವರ ಸಹೋದ್ಯೋಗಿಗಳು 1982ರಲ್ಲೇ ವಾದಿಸಿದರು. ಮಾಂಸಪ್ರಧಾನ ಆಹಾರವಾದರೆ ಆಮ್ಲದ ಹೊರೆಯೂ ಹೆಚ್ಚಿ, ಮೂತ್ರದಲ್ಲಿ ಸುಣ್ಣದಂಶ ಹೆಚ್ಚುತ್ತದೆ, ಕಲ್ಲುಗಳಿಗೆ ಎಡೆಯಾಗುತ್ತದೆ.

ಇದಕ್ಕೆ ಮಾರಾಟಗಾರರ ಉತ್ತರ ಸಿದ್ಧವಾಗಿದೆ: ಆರೋಗ್ಯವಂತನ ಮೂತ್ರಪಿಂಡಕ್ಕೆ ಇದರಿಂದ ಕೇಡಿಲ್ಲ! ಈ ಮಾತು ಪೂರ್ಣ ಸುಳ್ಳಲ್ಲ, ಅದರ ಅಪಾಯವಿರುವುದೂ ಅಲ್ಲಿಯೇ. ಅಮೆರಿಕದ 1,624 ದಾದಿಯರನ್ನು ಹನ್ನೊಂದು ವರ್ಷಗಳ ಅವಧಿಯಲ್ಲಿ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂತ್ರಪಿಂಡ ಸರಿಯಾಗಿದ್ದವರಿಗೆ ಹೆಚ್ಚಿನ ಪ್ರೋಟೀನಿನಿಂದ ಹಾನಿ ಕಾಣಲಿಲ್ಲ. ಆದರೆ ಮೊದಲೇ ತುಸು ದುರ್ಬಲವಾಗಿದ್ದವರಲ್ಲಿ, ವಿಶೇಷವಾಗಿ ಹಾಲಿನದಲ್ಲದ ಪ್ರಾಣಿಜನ್ಯ ಪ್ರೋಟೀನ್ ಹೆಚ್ಚು ಸೇವಿಸಿದವರಲ್ಲಿ, ಮೂತ್ರಪಿಂಡದ ಶಕ್ತಿ ಬೇಗ ಕುಗ್ಗಿತ್ತು. ಹಾಗಾದರೆ ತನ್ನ ಮೂತ್ರಪಿಂಡ ದುರ್ಬಲವೆಂದು ಯಾರಿಗೆ ತಿಳಿದಿರುತ್ತದೆ? ಅದು ಮೂಕ ಅಂಗ. ಬಹುಪಾಲು ಶಕ್ತಿ ಉಡುಗುವವರೆಗೂ ನೋವಿನಿಂದ ಎಚ್ಚರಿಸುವುದಿಲ್ಲ. ಅದನ್ನು ಕೆಡಿಸುವ ಮುಖ್ಯ ಕಾರಣಗಳು ಮಧುಮೇಹ ಮತ್ತು ರಕ್ತದೊತ್ತಡ. ತೂಕ ಇಳಿಸುವ ಪುಡಿಯನ್ನು ಕೊಳ್ಳಲು ಬರುವವರಲ್ಲಿಯೇ ಈ ಎರಡು ವ್ಯಾಧಿಗಳು ಹೆಚ್ಚು. ಆರೋಗ್ಯವಂತನ ಹೆಸರಿನಲ್ಲಿ ಅಭಯ ನೀಡಿ ರೋಗಿಗೆ ಮಾರುವುದು ವ್ಯಾಪಾರವಾದೀತು, ಸತ್ಯವಾಗಲಾರದು.

ಸಸ್ಯಾಹಾರಿಗಳಿಗೆ ಬೇರೊಂದು ಸಮಾಧಾನವಿದೆ: ಡಬ್ಬಿಯ ಮೇಲೆ ಹಸಿರು ಗುರುತಿದೆಯಲ್ಲ! ಆ ಗುರುತು ಪದಾರ್ಥ ಎಲ್ಲಿಂದ ಬಂತೆಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ತಿನ್ನಬೇಕೆಂಬುದನ್ನಲ್ಲ. ಬೇಳೆ, ಹಾಲು, ಮೊಸರುಗಳಿಂದ ಸಹಜವಾಗಿ ದೊರೆಯುವುದನ್ನು ಬಿಟ್ಟು, ಹಾಲಿನ ತಿಳಿಯಿಂದ ತೆಗೆದ ಪುಡಿಯನ್ನು ಚಮಚಗಟ್ಟಲೆ ಸುರಿದುಕೊಳ್ಳುವುದು ಅಹಿಂಸೆಯ ಆಚರಣೆಯೇನಲ್ಲ. ಇಂಥ ಪೂರಕಗಳು ಬೇಡವೆಂದೇ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರ ತನ್ನ ಮಾರ್ಗಸೂಚಿಯಲ್ಲಿ ತಿಳಿಸಿದೆ. ಆರು ಬಾಹ್ಯ ತಪಸ್ಸುಗಳಲ್ಲಿ ಎರಡನೆಯದಾದ ಅವಮೌದರ್ಯವು ಹಸಿವಿಗಿಂತ ಕಡಿಮೆ ಉಣ್ಣುವುದನ್ನು ಕಲಿಸುತ್ತದೆ. ಅದರ ಗುರಿ ತೂಕವಲ್ಲ, ಸಂಯಮ. ಆದರೂ ಉಣಿಸನ್ನು ಬದಲಿಸುವುದಕ್ಕಿಂತ ಉಣ್ಣುವ ಆಸೆಯನ್ನು ಮಿತಗೊಳಿಸುವುದು ಮೊದಲ ಹೆಜ್ಜೆಯೆಂಬ ಅದರ ವಿವೇಕ ಇಲ್ಲಿಯೂ ಸಲ್ಲುತ್ತದೆ.

ತೂಕ ಇಳಿಸಲು ಹೊರಟವನು ಮೊದಲು ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿಕೊಳ್ಳಲಿ. ಮಾರುವವನು ಕೊಳ್ಳುವವನ ಮಧುಮೇಹ, ರಕ್ತದೊತ್ತಡಗಳನ್ನು ವಿಚಾರಿಸದೆ ಡಬ್ಬಿಯನ್ನು ಕೈಗಿಡದಿರಲಿ. ಕೊಬ್ಬು ಕರಗಿದ್ದು ಕನ್ನಡಿಯಲ್ಲಿ ಕಾಣುತ್ತದೆ. ಮೂತ್ರಪಿಂಡ ಸವೆದದ್ದು ಕಾಣುವುದಿಲ್ಲ. ಕಾಣದಿರುವುದನ್ನು ಮುಚ್ಚಿಟ್ಟು ಲಾಭ ಗಳಿಸುವುದೂ ಹಿಂಸೆಯೇ.